ಸ್ಕೌಟ್ ಅಲ್ಲದ ಆರ್ವಿಲ್ ಲುಂಡೀನ್

ಸೋತವರಿಗೆ ಮೊದಲ ಪಂಕ್ತಿ ಹಾಕುವ ಆಟವೊಂದಿದೆ, ಬೇಸ್‌ಬಾಲ್ ಎಂದು ಅದರ ಹೆಸರು. ವರ್ಷವಿಡೀ ಆಡಿ ಯಾವ ತಂಡ ಎಲ್ಲರಿಗಿಂತ ಹೆಚ್ಚು ಸೋತಿದೆಯೋ, ಮರುವರ್ಷ ಜೂನ್ ತಿಂಗಳಲ್ಲಿ ದೇಶದ ಹೊಸ ಹುಡುಗರಲ್ಲಿ ಮೊದಲನೆಯವನನ್ನು ಆರಿಸಿಕೊಳ್ಳುವ ಹಕ್ಕು ಆ ತಂಡದ್ದು. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಗೆದ್ದವರು ಕೈಕಟ್ಟಿಕೊಂಡು ಕೊನೆಯ ಪಂಕ್ತಿಗೆ ಕಾಯಬೇಕು. ಇಷ್ಟು ನ್ಯಾಯ ಲೋಕದಲ್ಲಿ ಇನ್ನೆಲ್ಲೂ ಇಲ್ಲ ಎಂದು ಆರ್ವಿಲ್ ಲುಂಡೀನನ ಹೆಂಡತಿ ವರ್ನಾ ಹೇಳುತ್ತಿದ್ದಳು.

ಅವರಿಬ್ಬರ ತಂಡ ಹೆರನ್ಸ್. ಹೆರನ್ ಎಂದರೆ ನೀರಿನಂಚಿನಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲುತ್ತದಲ್ಲ, ಆ ಬಕ. ಹಕ್ಕಿಗಾದರೂ ನಾಲ್ಕು ದಿನಕ್ಕೊಂದು ಮೀನು ಸಿಗುತ್ತಿತ್ತು. ತಂಡ 1986ರಲ್ಲಿ ನೂರ ಹನ್ನೆರಡು ಪಂದ್ಯ ಸೋತಿತು. ನೂರ ಹನ್ನೆರಡನ್ನೂ ವರ್ನಾ ರೇಡಿಯೋ ಮುಂದೆ ಕೂತು, ಉದ್ದನೆಯ ಪುಸ್ತಕದಲ್ಲಿ, ಪೆನ್ಸಿಲಿನಿಂದ ಚುಕ್ಕೆ ಗೆರೆಗಳ ಲಿಪಿಯಲ್ಲಿ ಬರೆದಿಟ್ಟಳು. ಆರ್ವಿಲ್‌ಗೆ ಆ ಲಿಪಿ ಕಡೆಗೂ ಬರಲಿಲ್ಲ. ಅವನ ಪಾಲಿಗೆ ಬೇಸ್‌ಬಾಲ್ ಎಂದರೆ ರಾತ್ರಿ ಊಟದ ಹೊತ್ತಿಗೆ ವರ್ನಾ ಹೇಳುವ ಕಥೆ. ನೂರ ಹನ್ನೆರಡನೆಯ ಸೋಲನ್ನು ಬರೆದು ಮುಗಿಸಿದ ಎರಡು ವಾರಕ್ಕೆ, ಅಕ್ಟೋಬರಿನಲ್ಲಿ, ಅವಳು ತೀರಿಕೊಂಡಳು.

ಅವರ ಊರಾದ ಟಾಲ್‌ಬರ್ಗಿನ ಜನ ಒಳ್ಳೆಯವರು. ಸಾವಿನ ಮನೆಗೆ ಹದಿನಾಲ್ಕು ಪಾತ್ರೆ ಹಾಟ್‌ಡಿಶ್ ಬಂತು. ಕೆಳಗೆ ಮಾಂಸ, ನಡುವೆ ಅಣಬೆಯ ಸಾರು, ಮೇಲೆ ಆಲೂಗಡ್ಡೆ ಹೊದಿಕೆ. ಯಾವ ಪಾತ್ರೆ ಯಾರದ್ದೆಂದು ಗೊತ್ತಾಗಲು ಪ್ರತಿಯೊಂದರ ಅಡಿಗೂ ಹೆಸರು ಬರೆದ ಟೇಪು. ಆರ್ವಿಲ್ ಅಷ್ಟನ್ನೂ ತಿಂದ, ತೊಳೆದ, ಒರೆಸಿದ, ಒಂದು ವಾರದೊಳಗೆ ಹದಿನಾಲ್ಕು ಮನೆಗೂ ಹೋಗಿ ಥಳಥಳ ಹೊಳೆಯುವ ಖಾಲಿ ಪಾತ್ರೆ ತಲುಪಿಸಿ ಬಂದ. ಆಮೇಲೆ ಯಾರೂ ಬರಲಿಲ್ಲ. ಅಂಗಡಿಯಲ್ಲಿ ಸಿಕ್ಕರೆ ತಲೆಯನ್ನು ಒಂದು ಕಡೆಗೆ ವಾಲಿಸಿ, "ಹೇಗಿದೀರಿ ಆರ್ವಿಲ್?" ಎಂದು ಕೇಳಿ, ಉತ್ತರ ಬರುವುದರೊಳಗೆ ಮೊಟ್ಟೆಯ ಕಪಾಟಿನ ಕಡೆಗೆ ನಡೆದುಬಿಡುತ್ತಿದ್ದರು. ಹಾಗೆ ವಾಲಿದ ತಲೆಗಳನ್ನು ನೋಡಿ ನೋಡಿ ಅವನ ಕತ್ತೇ ನೋಯತೊಡಗಿತು.

ಮೇ ತಿಂಗಳು ಬಂತು. ರೇಡಿಯೋ ಹಾಕಿದರೆ ಮನೆ ಇನ್ನಷ್ಟು ಖಾಲಿಯಾಗುತ್ತಿತ್ತು. ಅದಕ್ಕೇ ಅವನು ಇಪ್ಪತ್ತೆರಡು ಮೈಲಿ ಕಾರು ಓಡಿಸಿಕೊಂಡು, ತನ್ನ ಗುರುತೇ ಇಲ್ಲದ ಗ್ರೀಲಿ ಕ್ರೀಕ್ ಎಂಬ ಊರಿಗೆ, ಅಲ್ಲಿನ ಹೈಸ್ಕೂಲು ಹುಡುಗರ ಪಂದ್ಯ ನೋಡಲು ಹೋದ.

ಆ ದಿನ ಅವನ ವೇಷ ಹೀಗಿತ್ತು. ತಲೆಗೆ ವರ್ನಾ ತೋಟದಲ್ಲಿ ಹಾಕುತ್ತಿದ್ದ ಹುಲ್ಲಿನ ಟೋಪಿ. ಮೈಗೆ ರೇಡಿಯೋದವರ ಪ್ರಶ್ನೆಗೆ ಸರಿ ಉತ್ತರ ಕೊಟ್ಟು ವರ್ನಾ ಗೆದ್ದಿದ್ದ ಹೆರನ್ಸ್ ಜಾಕೆಟ್. ಕುತ್ತಿಗೆಗೆ ಸ್ಟಾಪ್‌ವಾಚ್, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಿಲ್ಲಬೇಕೆಂದು ಡಾಕ್ಟರು ಹೇಳಿದ್ದರು. ತೊಡೆಯ ಮೇಲೆ ವರ್ನಾಳ ಪುಸ್ತಕ. ಲಿಪಿ ಬಾರದಿದ್ದರೂ, ಅವಳಿಗೆ ಹೇಳಬೇಕಾಗಿದ್ದ ಮಾತುಗಳನ್ನು ಅದರಲ್ಲಿ ಬರೆಯುತ್ತಿದ್ದ: 'ಮೂರನೆಯವನ ಬೂಟಿನ ದಾರ ಬಿಚ್ಚಿದೆ, ಯಾರೂ ಹೇಳುತ್ತಿಲ್ಲ.' ಕೂತದ್ದು ಬ್ಯಾಟು ಹಿಡಿದವನ ಬೆನ್ನಿನ ಹಿಂದೆ, ಬಲೆಯ ಪಕ್ಕ. ಅಲ್ಲಿ ಗಾಳಿ ಬೀಸುತ್ತಿರಲಿಲ್ಲ.

ಇಡೀ ಅಮೆರಿಕದಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡು, ಸ್ಟಾಪ್‌ವಾಚ್ ಕಟ್ಟಿಕೊಂಡು, ಬಲೆಯ ಹಿಂದೆ ಒಬ್ಬನೇ ಕೂತು, ಯಾರೊಂದಿಗೂ ಮಾತಾಡದೆ ಪುಸ್ತಕದಲ್ಲಿ ಗೀಚುವವನು ಯಾರು ಎಂದು ಮಗುವನ್ನು ಕೇಳಿದರೂ ಹೇಳುತ್ತದೆ. ಅವನು ಸ್ಕೌಟ್, ತಂಡದ ಪರವಾಗಿ ಊರೂರು ಅಲೆದು ಹುಡುಗರನ್ನು ಅಳೆದು ತೂಗುವವನು.

ಅವನು ನೋಡಲು ಹೋದ ಎರಡನೆಯ ಪಂದ್ಯದ ನಡುವೆ ಹೆಂಗಸೊಬ್ಬಳು ಬಂದು ಅವನ ತೊಡೆಯ ಮೇಲೆ ಬಿಸಿ ಹಾಟ್‌ಡಿಶ್ಶಿನ ತಟ್ಟೆ ಇಟ್ಟಳು. ಊರಿನ ಹೆಂಗಸರ ತಲೆಗೂದಲು ಕತ್ತರಿಸುವ ಅಂಗಡಿಯ ಲೊರೇನ್ ಕುಬಿಯಾಕ್ ಅವಳು.

"ಅಷ್ಟು ದೂರದಿಂದ ಬಂದು ಖಾಲಿ ಹೊಟ್ಟೇಲಿ ಕೂತಿದೀರ. ನಮ್ಮೂರಿಗೆ ಕೆಟ್ಟ ಹೆಸರು," ಎಂದಳು. "ಚೆಂಡು ಎಸೀತಿದಾನಲ್ಲ, ಅವ್ನೇ ನನ್ ಮಗ ಡೆನಿ. ಎಡಗೈ."

"ನೋಡ್ತಾ ಇದೀನಿ."

"ನೀವು ನೋಡ್ತಾ ಇರೋದು ನಮಗೂ ಕಾಣ್ತಾ ಇದೆ. ಹೆರನ್ಸ್‌ನೋರು ಬರ್ತಾರೆ ಬರ್ತಾರೆ ಅಂತ ಮಾರ್ಚಿಂದ ಕಾಯ್ತಿದೀವಿ."

ಆರ್ವಿಲ್ ಪ್ರಾಮಾಣಿಕ. ಬೆಣ್ಣೆ ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ತೂಕ ನೋಡಿದವನು, ಒಂದು ಗುಂಜಿಯೂ ಆಚೀಚೆ ಮಾಡದವನು. ಬಾಯಲ್ಲಿದ್ದ ತುತ್ತನ್ನು ನುಂಗಿ, "ಅಮ್ಮಾ, ನೀವೇನೋ ತಪ್ಪು ತಿಳ್ಕೊಂಡಿದೀರಿ. ನಾನು ಸ್ಕೌಟ್ ಅಲ್ಲ," ಎಂದ.

ಲೊರೇನ್ ಕಣ್ಣು ಹೊಡೆದಳು. "ಅಲ್ಲವೇ ಅಲ್ಲ. ನಾನು ಕೇಳ್ಲೂ ಇಲ್ಲ, ನೀವು ಹೇಳ್ಲೂ ಇಲ್ಲ. ಇನ್ನೊಂದು ಸೌಟು ಹಾಕ್ಲಾ?"

ಸ್ಕೌಟ್ ಆದವನು ತಾನು ಸ್ಕೌಟ್ ಎಂದು ಎಂದೂ ಒಪ್ಪುವುದಿಲ್ಲವೆಂಬುದು ಆ ಊರಿನ ಆರುನೂರ ನಲವತ್ತು ಮಂದಿಗೂ ಗೊತ್ತಿತ್ತು. ಆದ್ದರಿಂದ ಅಲ್ಲ ಎಂದವನೇ ಸ್ಕೌಟ್. ಮೂರು ಸಲ ಅಲ್ಲ ಎಂದವನು ಮುಖ್ಯ ಸ್ಕೌಟ್. ಆರ್ವಿಲ್ ಮೂರು ಸಲ ಅಂದ. ನಾಲ್ಕನೆಯ ಸಲ ಅನ್ನಬೇಕೆನ್ನುವಷ್ಟರಲ್ಲಿ ಲೊರೇನ್ ಅವನ ಪಕ್ಕದಲ್ಲೇ ಕೂತು, "ಈಗ ನೋಡಿದ್ರಲ್ಲ, ನಿಮಗೇನನ್ಸುತ್ತೆ?" ಎಂದು ಕೇಳಿದಳು. ಅಕ್ಟೋಬರಿನಿಂದ ಈಚೆಗೆ ಅವನಿಗೆ ಏನನ್ನಿಸುತ್ತದೆ ಎಂದು ಕೇಳಿದವರೇ ಇರಲಿಲ್ಲ. ನಾಲ್ಕನೆಯ 'ಅಲ್ಲ' ಹಾಟ್‌ಡಿಶ್ಶಿನ ಜೊತೆಗೆ ಒಳಗೆ ಹೋಯಿತು.

ಸುದ್ದಿ ಮೆಲ್ವಿನ್ ಹಾಲ್ವರ್ಸನ್ ಕಿವಿಗೆ ಬಿತ್ತು. ಈತ ಟ್ರ್ಯಾಕ್ಟರ್ ಮಾರುವವನು, ಜೊತೆಗೆ ಊರಿನ ಮೇಯರು. ಇವನ ಮಗ ರಸ್ ಅದೇ ತಂಡದಲ್ಲಿ ಬ್ಯಾಟು ಬೀಸುವವನು. ಬೀಸಿದರೆ ಚೆಂಡು ಜೋಳದ ಹೊಲಕ್ಕೇ ಹೋಗಬೇಕು. ಮರುದಿನ ಬಲೆಯ ಹಿಂದೆ ಮೇಯರರ ಕಚೇರಿಯ ಮೆತ್ತನೆಯ ಕುರ್ಚಿ ಬಂತು, ಸುತ್ತ ಹಗ್ಗ ಬಂತು, ಮೇಯರರ ಹೆಂಡತಿ ಹಣ್ಣಿನ ಹೂರಣ ತುಂಬಿ ಸುಟ್ಟ ಪೈ ಬಂತು.

"ಲುಂಡೀನ್ ಅವ್ರೇ, ಚೆಂಡು ಎಸಿಯೋರು ಬೀದಿಗೆ ಹತ್ತು ಜನ ಸಿಗ್ತಾರೆ," ಎಂದ ಮೆಲ್ವಿನ್. "ನೂರ ಹನ್ನೆರಡು ಸೋತಿರೋ ತಂಡಕ್ಕೆ ಬೇಕಾಗಿರೋದು ಹೊಡಿಯೋನು. ಪೈ ತಗೊಳಿ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ."

ಊರು ಎರಡಾಯಿತು. ಕ್ಷೌರದಂಗಡಿ ಕುಬಿಯಾಕ್ ಕಡೆ, ಪೆಟ್ರೋಲ್ ಬಂಕು ಹಾಲ್ವರ್ಸನ್ ಕಡೆ. ಇಗರ್ಜಿಯಲ್ಲಿ ಎಡಗೈ ಪಕ್ಷದವರು ಎಡಗಡೆಯ ಬೆಂಚುಗಳಲ್ಲಿ ಕೂರತೊಡಗಿದರು. ಪಾದ್ರಿಗಳು ಯಾರ ಕಡೆಗೂ ವಾಲದೆ, ನಮ್ಮ ಅತಿಥಿಯ ಕಣ್ಣಿನ ದೃಷ್ಟಿ ಚೆನ್ನಾಗಿರಲಿ ಎಂದಷ್ಟೇ ಪ್ರಾರ್ಥಿಸಿದರು. ಮಂಗಳವಾರ ಆರ್ವಿಲ್‌ಗೆ ಕುಬಿಯಾಕರ ಮನೆಯಲ್ಲಿ ಊಟ, ಗುರುವಾರ ಹಾಲ್ವರ್ಸನ್ನರ ಮನೆಯಲ್ಲಿ. ಇಬ್ಬರಲ್ಲಿ ಮೊದಲು ಯಾರನ್ನು ಆರಿಸಬೇಕು ಎಂದು ಯಾರೇ ಕೇಳಲಿ, ಅವನು ಗಂಭೀರವಾಗಿ ಸ್ಟಾಪ್‌ವಾಚ್ ನೋಡಿ, "ಇನ್ನೂ ನೋಡ್ಬೇಕು," ಎನ್ನುತ್ತಿದ್ದ. ಈ ಎರಡು ಶಬ್ದಗಳ ಬಲದಿಂದ ಅವನು ಮೂರು ವಾರದಲ್ಲಿ, ಮೈದಾನದ ತಟ್ಟೆಗಳೂ ಸೇರಿ, ಹನ್ನೊಂದು ಊಟ ಮಾಡಿದ. ಆರಿಸಿಬಿಟ್ಟರೆ ಒಂದು ಮನೆಯ ಬಾಗಿಲು ಆ ಕ್ಷಣ ಮುಚ್ಚುತ್ತದೆ, ಇನ್ನೊಂದು ಡ್ರಾಫ್ಟಿನ ಮರುದಿನ. ಇಷ್ಟು ಲೆಕ್ಕ ಅವನಿಗೂ ಬರುತ್ತಿತ್ತು.

ಎರಡು ಮನೆಗಳಲ್ಲಿ ಅವನಿಗೆ ಹೆಚ್ಚು ಹಿಡಿಸಿದ್ದು ಕುಬಿಯಾಕರ ಮೇಜು. ಅಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಉಪ್ಪು ಕೊಡಿ ಎಂದರೆ ಮೂರು ಕೈ ಒಟ್ಟಿಗೆ ಬರುತ್ತಿದ್ದವು. ಹೀಗೇ ಒಂದು ಮಂಗಳವಾರ ಕೈಗಳನ್ನು ನೋಡುತ್ತ ಕೂತಿದ್ದಾಗ, ಎಡಚನಾದ ಡೆನಿ ಬಲಗೈಯಲ್ಲಿ ಊಟ ಮಾಡುತ್ತಿದ್ದಾನೆ ಎಂಬುದು ಅವನ ಕಣ್ಣಿಗೆ ಬಿತ್ತು. ಎಡಗೈ ಮೇಜಿನ ಕೆಳಗಿತ್ತು. ಹಾಲಿನ ಲೋಟಕ್ಕೆಂದು ಅದನ್ನು ಒಮ್ಮೆ ಮೇಲೆ ತಂದ, ಲೋಟ ನಡುಗಿತು, ಮತ್ತೆ ಕೆಳಗಿಟ್ಟ.

ಊಟವಾದ ಮೇಲೆ ಹಿಂಬಾಗಿಲ ಮೆಟ್ಟಿಲ ಮೇಲೆ ಹುಡುಗ ಒಬ್ಬನೇ ಸಿಕ್ಕ.

"ಕೈ ಹೇಗಿದೆಯಪ್ಪ?"

"ಚೆನ್ನಾಗಿದೆ ಸಾರ್."

"ಯಾವಾಗಿಂದ ನೋಯ್ತಿದೆ?"

"ನೀವು ಬಂದಾಗಿಂದ. ಮುಂಚೆ ವಾರಕ್ಕೊಂದು ದಿನ ಎಸೀತಿದ್ದೆ. ಈ ಮನುಷ್ಯ ಬಂದಾಗೆಲ್ಲ ನೀನೇ ಎಸೀಬೇಕು ಅಂದ್ರು ಕೋಚ್. ನೀವು ಒಂದು ಪಂದ್ಯನೂ ತಪ್ಪಿಸ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ಅಮ್ಮಂಗೆ ಹೇಳ್ಬೇಡಿ ಸಾರ್. ಜೂನ್ ತನಕ ತಡ್ಕೋತೀನಿ," ಎಂದ.

ಆರ್ವಿಲ್ ನೇರವಾಗಿ ಅಡುಗೆಮನೆಗೆ ಹೋದ. ಲೊರೇನ್ ಉಳಿದದ್ದನ್ನು ನೀಲಿ ಪಾತ್ರೆಗೆ ತುಂಬಿ, ಅವನ ನಾಳೆಯ ಊಟಕ್ಕೆಂದು ಕಟ್ಟುತ್ತಿದ್ದಳು.

"ಲೊರೇನ್, ದೇವರಾಣೆಗೂ ನಾನು ಸ್ಕೌಟ್ ಅಲ್ಲ. ಬೆಣ್ಣೆ ಕಾರ್ಖಾನೇಲಿ ತೂಕ ನೋಡ್ತಿದ್ದೋನು. ಡೆನಿ ಮೊಣಕೈ ಕೆಟ್ಟಿದೆ. ಅವನ ಕೈಲಿ ಇನ್ನು ಎಸೆಸ್ಬೇಡಿ."

"ಬೆಣ್ಣೆ," ಎಂದಳು ಲೊರೇನ್, ಮೆಚ್ಚುಗೆಯಿಂದ. "ಕಡೆ ವಾರ ಬಂದಾಗ ಏನೇನೋ ಹೇಳಿ ಪರೀಕ್ಷೆ ಮಾಡ್ತಾರೆ, ತಾಯಿ ಎದೆಗೆಡ್ತಾಳಾ ನೋಡ್ತಾರೆ ಅಂತ ನಮ್ಮಕ್ಕ ಹೇಳಿದ್ಲು. ಆದ್ರೆ ಬೆಣ್ಣೆ ಅಂತೀರಿ ಅಂತ ಯಾರಿಗೂ ಹೊಳೀಲಿಲ್ಲ ನೋಡಿ." ಕಣ್ಣು ಹೊಡೆದು, ಪಾತ್ರೆಯನ್ನು ಅವನ ಕೈಗಿಟ್ಟಳು.

ಕೋಚ್ ಬಳಿ ಹೇಳಿದ. ಕೋಚ್ ಬೆನ್ನು ತಟ್ಟಿದ. ಮೇಯರ್ ಬಳಿ ಹೇಳಿದ. ಕುಬಿಯಾಕ್ ಹುಡುಗನ ಕೈ ಕೆಟ್ಟಿದೆ ಎಂಬ ಸಂತೋಷದ ಸುದ್ದಿಯನ್ನು ಮೇಯರ್ ಊರೆಲ್ಲ ಹಬ್ಬಿಸಿದ, ಅದು ಮೇಯರ್ ಹಬ್ಬಿಸಿದ್ದೆಂಬ ಕಾರಣಕ್ಕೇ ಯಾರೂ ನಂಬಲಿಲ್ಲ. ಕೊನೆಗೆ, ತಾನೇ ಹೋಗದಿದ್ದರೆ ಆಯಿತಲ್ಲ ಎಂದು ಒಂದು ಪಂದ್ಯಕ್ಕೆ ಆರ್ವಿಲ್ ಮನೆಯಲ್ಲೇ ಉಳಿದ. ಮರುದಿನ ತಿಳಿಯಿತು: ಸ್ಕೌಟ್ ನೀರಿನ ಟ್ಯಾಂಕಿನ ಮೇಲೆ ಅಡಗಿ ಕೂತು ನೋಡುತ್ತಿದ್ದಾರೆ ಎಂದು ಸುದ್ದಿ ಹಬ್ಬಿ, ಡೆನಿ ಪಂದ್ಯದ ಏಳೂ ಸರದಿ ಟ್ಯಾಂಕಿನ ಕಡೆಗೆ ನೋಡಿಕೊಂಡೇ ಚೆಂಡು ಎಸೆದನಂತೆ.

ಮುಂದಿನ ಪಂದ್ಯದ ದಿನ, ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬ ಬಡಕಲು ಮನುಷ್ಯ ಅವನನ್ನು ತಡೆದ. ಇವನನ್ನು ಆರ್ವಿಲ್ ನೋಡಿದ್ದ. ಎರಡು ಸಲ ಬಲೆಯ ಹಿಂದೆ ಕೂರಲು ಬಂದಿದ್ದ. ಎರಡು ಸಲವೂ ಮೆಲ್ವಿನ್, "ಇದು ಸ್ಕೌಟ್ ಸಾಹೇಬರ ಜಾಗ," ಎಂದು ಅವನನ್ನು ದೂರದ ಬೇಲಿಗೆ ಅಟ್ಟಿದ್ದ.

"ನಾನು ಫ್ಲಾಯ್ಡ್ ಪೆಟ್ರಿ," ಎಂದ ಆತ. "ಹೆರನ್ಸ್ ಸ್ಕೌಟ್."

ಆರ್ವಿಲ್ ತನ್ನ ಜಾಕೆಟ್ ಬಿಚ್ಚಿ ಅವನಿಗೇ ಕೊಟ್ಟುಬಿಡಲೇ ಎಂದು ಯೋಚಿಸಿದ.

"ನಿಮ್ಮನ್ನ ಕಚೇರೀಲಿ ನೋಡಿಲ್ಲ," ಎಂದ ಪೆಟ್ರಿ.

"ನಾನು ಕಚೇರಿಗೆ ಹೋಗಲ್ಲ."

ಪೆಟ್ರಿಯ ಮುಖ ಬಿಳಿಚಿಕೊಂಡಿತು. "ಗೊತ್ತಾಯ್ತು ಬಿಡಿ. ನನ್ನ ಮೇಲೆ ಕಣ್ಣಿಡೋಕೆ ಮೇಲಿನೋರು ಕಳಿಸಿದಾರೆ. ನಂಗೆ ಮಾತ್ರ ಈ ಜಾಕೆಟ್ ಕೊಡ್ಲಿಲ್ಲ. ಹತ್ತೊಂಬತ್ತು ವರ್ಷ ಆಯ್ತು ಸಾರ್, ವರ್ಷಕ್ಕೆ ಇನ್ನೂರು ದಿನ ಬಾಡಿಗೆ ಕೋಣೇಲಿ ಮಲಗ್ತೀನಿ, ನಮ್ಮನೆ ನಾಯಿ ನನ್ನ ನೋಡಿ ಬೊಗಳುತ್ತೆ. ಒಂದು ಉಪಕಾರ ಮಾಡಿ. ನೀವು ಯಾರ ಹೆಸ್ರು ಬರೀತೀರೋ ಹೇಳ್ಬಿಡಿ, ನಾನೂ ಅದನ್ನೇ ಬರೀತೀನಿ."

ಹೆರನ್ಸ್ ತಂಡ ನೂರ ಹನ್ನೆರಡು ಪಂದ್ಯ ಹೇಗೆ ಸೋತಿತು ಎಂಬುದು ಆರ್ವಿಲ್‌ಗೆ ಆ ಗಳಿಗೆಯಲ್ಲಿ ಪೂರ್ತಿಯಾಗಿ ಅರ್ಥವಾಯಿತು. ಇಷ್ಟು ಒಳ್ಳೆಯ ಕಥೆ ಸಿಕ್ಕಿತ್ತು. ಹೇಳೋಣವೆಂದರೆ ವರ್ನಾ ಇರಲಿಲ್ಲ.

"ಎಡಗೈ ಹುಡುಗನ ಮೊಣಕೈ ನೋಡಿದ್ರಾ?" ಎಂದು ಕೇಳಿದ.

"ಬೇಲಿ ಹತ್ರದಿಂದ ಮೊಣಕೈ ಎಲ್ಲಿ ಕಾಣುತ್ತೆ ಸಾರ್. ಯಾಕೆ, ಏನಾಗಿದೆ?"

ಆರ್ವಿಲ್ ತನ್ನ ಮೈಮೇಲಿನ ಜಾಕೆಟ್ ನೋಡಿಕೊಂಡ. ಮೂರು ವಾರದಿಂದ ತಾನು ನಿಜ ಹೇಳಿದರೆ ಜನ ಕಣ್ಣು ಹೊಡೆಯುತ್ತಾರೆ. ಈ ಜಾಕೆಟ್ ಏನೂ ಹೇಳದೆ ಸುಮ್ಮನಿದ್ದರೂ ನಂಬುತ್ತಾರೆ. ಹಾಗಾದರೆ ಮಾತಾಡಬೇಕಾದ್ದು ಜಾಕೆಟ್ಟೇ ಎಂದು ಅವನಿಗೆ ಹೊಳೆಯಿತು. ಹೊಳೆದ ಕೂಡಲೇ ಕುಬಿಯಾಕರ ಮೇಜೂ ಕಣ್ಣ ಮುಂದೆ ಬಂತು, ಉಪ್ಪು ಕೊಡುವ ಆ ಮೂರು ಕೈಗಳ ಸಮೇತ. ಜಾಕೆಟ್ಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು ಒಳಗೆ ನಡೆದ.

ಅಂದು ಪಕ್ಕದ ಊರಿನ ಮೇಲೆ ಪಂದ್ಯ. ಡೆನಿ ಐದು ದಿನದಲ್ಲಿ ಮೂರನೆಯ ಸಲ ಎಸೆಯಲು ಹೊರಟು, ಮೈದಾನದ ಅಂಚಿನಲ್ಲಿ ಕೈ ತಿರುಗಿಸುತ್ತಿದ್ದ. ಲೊರೇನ್ ಎಂದಿನಂತೆ ತಟ್ಟೆ ತಂದು ಆರ್ವಿಲ್‌ನ ತೊಡೆಯ ಮೇಲಿಟ್ಟಳು. ಅವನು ಎರಡು ತುತ್ತು ತಿಂದ. ಮೂರನೆಯ ತುತ್ತಿಗೆ ಮುಂಚೆ ಎದ್ದು ನಿಂತ. ಇಪ್ಪತ್ತು ನಿಮಿಷ ಆಗಿರಲಿಲ್ಲ.

"ಕೇಳಿ ಎಲ್ಲರೂ," ಎಂದ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ನಾನು ಹೆರನ್ಸ್ ಸ್ಕೌಟ್."

ಸಾಲುಗಳಲ್ಲಿ ಒಂದು ಸಮಾಧಾನದ ನಿಟ್ಟುಸಿರು ಹಾದುಹೋಯಿತು. ಕಡೆಗೂ ಬಾಯಿಬಿಟ್ಟರಲ್ಲ.

"ನಾವು ಡೆನಿ ಕುಬಿಯಾಕ್‌ನ ತಗೊಳ್ಳಲ್ಲ. ಮೊದಲನೇ ಸುತ್ತಿನಲ್ಲೂ ಇಲ್ಲ, ಐವತ್ತನೇ ಸುತ್ತಿನಲ್ಲೂ ಇಲ್ಲ. ಮೊಣಕೈ ಕೆಟ್ಟಿದೆ. ಇವತ್ತು ಇನ್ನೊಂದು ಸಲ ಎಸೆದ್ರೆ ಬೇರೆ ಯಾರೂ ತಗೊಳ್ಳಲ್ಲ. ಹುಡುಗನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ."

ಯಾರೂ ಕಣ್ಣು ಹೊಡೆಯಲಿಲ್ಲ. ಆ ಊರಿನಲ್ಲಿ ಅವನು ಬಾಯಿಬಿಟ್ಟು ಹೇಳಿದ ಸುಳ್ಳು ಅದೊಂದೇ. ಅದನ್ನು ಎಲ್ಲರೂ ಆ ಕ್ಷಣವೇ ನಂಬಿದರು. ಕೋಚ್ ಹೋಗಿ ಡೆನಿಯ ಕೈಯಿಂದ ಚೆಂಡು ತೆಗೆದುಕೊಂಡ. ಲೊರೇನ್ ಬಂದು, ಅರ್ಧ ಉಳಿದಿದ್ದ ತಟ್ಟೆಯನ್ನು ಅವನ ಕುರ್ಚಿಯ ಮೇಲಿಂದ ಎತ್ತಿಕೊಂಡು ಹೋದಳು. ಚಮಚ ಅವನ ಕೈಯಲ್ಲೇ ಉಳಿಯಿತು. ಎರಡು ಹೆಜ್ಜೆ ವಾಪಸ್ ಬಂದು ಅದನ್ನೂ ಕಿತ್ತುಕೊಂಡಳು.

ಮೆಲ್ವಿನ್ ಹಗ್ಗ ದಾಟಿ ಓಡಿ ಬಂದ. "ಹಾಗಾದ್ರೆ ನಮ್ ರಸ್ಸೇ ಅಂದಂಗಾಯ್ತು?"

"ಇನ್ನೂ ನೋಡ್ಬೇಕು," ಎಂದು ಹೇಳಿ ಆರ್ವಿಲ್ ಇಪ್ಪತ್ತೆರಡು ಮೈಲಿ ಕಾರು ಓಡಿಸಿಕೊಂಡು ಮನೆಗೆ ಬಂದ. ಮತ್ತೆ ಆ ಕಡೆ ಹೋಗಲಿಲ್ಲ.

ಜೂನ್ ಎರಡರಂದು ಹೆರನ್ಸ್‌ನವರು ಮೊದಲನೆಯವನಾಗಿ ಕ್ಯಾಲಿಫೋರ್ನಿಯಾದ ಯಾವನೋ ಹುಡುಗನನ್ನು ಆರಿಸಿಕೊಂಡರೆಂದು ರೇಡಿಯೋ ಹೇಳಿತು. ಅವನ ಮಂಡಿ ಸರಿಯಿಲ್ಲವೆಂದೂ ಅದೇ ರೇಡಿಯೋ ಹೇಳಿತು. ಸಂಜೆ ಫೋನ್ ಬಡಿದುಕೊಂಡಿತು. ಮೆಲ್ವಿನ್ ಹೆರನ್ಸ್ ಕಚೇರಿಗೇ ಫೋನ್ ಮಾಡಿ, ಲುಂಡೀನ್ ಎಂಬುವವರು ಯಾರೂ ಇಲ್ಲವೆಂದು ತಿಳಿದು, ಟಾಲ್‌ಬರ್ಗಿನಲ್ಲಿ ವಿಚಾರಿಸಿ, ಬೆಣ್ಣೆಯವರೆಗೂ ಬಂದು ಮುಟ್ಟಿದ್ದ.

"ನೀವು ಬೆಣ್ಣೆ ತೂಗೋರಂತೆ."

"ಹೇಳಿದ್ನಲ್ಲ ಮೆಲ್ವಿನ್."

"ಹೇಳೋದಿದ್ರೆ ನಂಬೋ ಹಾಗೆ ಹೇಳ್ಬೇಕು ಮಹಾರಾಯ್ರೇ. ನನ್ ಹೆಂಡ್ತಿ ಒಂಬತ್ತು ಪೈ ಮಾಡಿದಾಳೆ," ಎಂದು ಫೋನ್ ಇಟ್ಟ.

ಮನೆ ಮತ್ತೆ ಮೊದಲಿನಂತಾಯಿತು. ಒಂದೇ ವ್ಯತ್ಯಾಸವೆಂದರೆ ಮೇಜಿನ ಮೇಲೆ, ವರ್ನಾ ಕೂರುತ್ತಿದ್ದ ಜಾಗದ ಎದುರಿಗೆ, ಆ ನೀಲಿ ಪಾತ್ರೆ ಇತ್ತು. ಆರ್ವಿಲ್ ಅದನ್ನು ಎಂದೋ ತೊಳೆದಿಟ್ಟಿದ್ದ. ದಿನವೂ ಒಮ್ಮೆ ಮಗುಚಿ, ಅಡಿಯ ಟೇಪಿನ ಮೇಲೆ 'ಕುಬಿಯಾಕ್' ಎಂದು ಬರೆದದ್ದನ್ನು ಓದಿ, ಮತ್ತೆ ಅಲ್ಲೇ ಇಡುತ್ತಿದ್ದ. ವಾಪಸ್ ಕೊಡಲು ಮುಖವಿರಲಿಲ್ಲ. ಕೊಟ್ಟರೆ ಮೇಜಿನ ಮೇಲೆ ಏನೂ ಉಳಿಯುತ್ತಿರಲಿಲ್ಲ.

ಜೂನ್ ಮೂರನೆಯ ವಾರ ಲೊರೇನ್ ಬಾಗಿಲು ಬಡಿದಳು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು, "ನನ್ನ ಪಾತ್ರೆ," ಎಂದಳು.

ಅವನು ತಂದುಕೊಟ್ಟ. ಅವಳು ಒಳಗೆ ಇಣುಕಿ ನೋಡಿದಳು. ಪಾತ್ರೆ ಕನ್ನಡಿಯಂತಿತ್ತು.

"ಖಾಲಿ," ಎಂದಳು.

"ಚೆನ್ನಾಗಿ ತೊಳೆದಿದೀನಿ."

"ಅದು ಕಾಣುತ್ತೆ. ಖಾಲಿ ಪಾತ್ರೆ ವಾಪಸ್ ಕೊಟ್ರೆ ಏನರ್ಥ ಅಂತ ನಿಮ್ಮನೇಲಿ ಯಾರೂ ಹೇಳ್ಲಿಲ್ವಾ? ಇನ್ನು ಬರಬೇಡಿ ಅಂತ. ನಾಲ್ಕು ಬಿಸ್ಕೆಟ್ಟೋ, ಎರಡು ಟೊಮೇಟೋನೋ, ಏನಾದ್ರೂ ಹಾಕಿ ಕೊಡೋದು ಪದ್ಧತಿ."

ವರ್ನಾ ಪ್ರತಿ ಸಲವೂ ಏನೋ ಹಾಕುತ್ತಿದ್ದಳು, ಅವನು ನೋಡಿದ್ದ. ಯಾಕೆ ಎಂದು ಕೇಳಿರಲಿಲ್ಲ. ಹದಿನಾಲ್ಕು ಮನೆ. ಹದಿನಾಲ್ಕು ಪಾತ್ರೆ. ಒಂದೊಂದನ್ನೂ ಎರಡೆರಡು ಸಲ ಒರೆಸಿದ್ದ.

"ಡಾಕ್ಟ್ರು ನೋಡಿದ್ರು," ಎಂದಳು ಲೊರೇನ್, ಬೇರೆ ಕಡೆಗೆ ನೋಡುತ್ತ. "ಇನ್ನೆರಡು ಪಂದ್ಯ ಎಸೆದಿದ್ರೆ ಆ ಕೈಲಿ ಬಾಚಣಿಗೇನೂ ಹಿಡಿಯಕ್ಕೆ ಆಗ್ತಿರ್ಲಿಲ್ವಂತೆ. ಒಂದು ವರ್ಷ ವಿಶ್ರಾಂತಿ. ಆಮೇಲೆ ಕಾಲೇಜಲ್ಲಿ ಆಡ್ಲಿ ಅಂದ್ರು." ಪಾತ್ರೆಯನ್ನು ಕಂಕುಳಿಗೆ ಸೇರಿಸಿಕೊಂಡು, "ನಾನು ದಿನಾ ಅವನ ಎದುರಿಗೇ ಕೂತು ಊಟ ಮಾಡ್ತಿದ್ದೆ. ಕಾಣ್ಲಿಲ್ಲ ನೋಡಿ," ಎಂದಳು.

ಆರ್ವಿಲ್‌ಗೆ ಬಾಯಿಪಾಠ ಆಗಿದ್ದ ಮಾತೇ ಹೊರಗೆ ಬಂತು. "ನಾನು ಸ್ಕೌಟ್ ಅಲ್ಲ ಲೊರೇನ್."

"ಗೊತ್ತು," ಎಂದಳು ಅವಳು. ಕಣ್ಣು ಹೊಡೆಯಲಿಲ್ಲ.

ಕಾರಿಗೆ ಹೋಗಿ, ನೀಲಿಯದನ್ನು ಒಳಗಿಟ್ಟು, ಟವೆಲಿನಲ್ಲಿ ಸುತ್ತಿದ್ದ ಬಿಳಿಯದೊಂದನ್ನು ತಂದು ಅವನ ಕೈಗಿಟ್ಟಳು. ಬಿಸಿಯಿತ್ತು. "ಭಾನುವಾರ ಹನ್ನೆರಡು ಗಂಟೆಗೆ ನಂಗೆ ಇದು ವಾಪಸ್ ಬೇಕು. ಆ ಟೋಪಿ ಬೇಡ. ಅದನ್ನ ನೋಡಿದ್ರೆ ಊರೋರಿಗೆ ಇನ್ನೂ ಕೋಪ ಬರುತ್ತೆ," ಎಂದು ಹೇಳಿ ಹೊರಟುಹೋದಳು.

ಅಂದು ಬುಧವಾರ. ಇಬ್ಬರು ಒಂದು ಹೊತ್ತಿಗೆ ತಿನ್ನುವಷ್ಟಿದ್ದ ಹಾಟ್‌ಡಿಶ್ಶನ್ನು ಆರ್ವಿಲ್ ದಿನಕ್ಕೆ ಮೂರು ಚಮಚದಂತೆ ಶನಿವಾರದವರೆಗೂ ತಿಂದ. ಭಾನುವಾರ ಬೆಳಿಗ್ಗೆ ಪಾತ್ರೆ ತೊಳೆದು ಮೇಜಿನ ಮೇಲಿಟ್ಟು, ಅದರ ಮುಂದೆ ತುಂಬ ಹೊತ್ತು ಕೂತ. ಬಿಸ್ಕೆಟ್ ಮಾಡಲು ಅವನಿಗೆ ಬಾರದು. ವರ್ನಾಳ ಟೊಮೇಟೋ ಗಿಡಗಳು ಹೋದ ವರ್ಷವೇ ಒಣಗಿದ್ದವು. ಕೊನೆಗೆ ಎದ್ದು, ಅಟ್ಟದಿಂದ ಹಳೆಯ ತಕ್ಕಡಿ ಇಳಿಸಿ, ಧೂಳು ಒರೆಸಿ, ಮುಳ್ಳು ಸೊನ್ನೆಗೆ ನಿಲ್ಲುವವರೆಗೂ ಕಾದ. ಎರಡು ಪೌಂಡು ಬೆಣ್ಣೆ ತೂಗಿದ. ಸರಿಯಾಗಿತ್ತು. ಆಮೇಲೆ, ಮೂವತ್ತಮೂರು ವರ್ಷದಲ್ಲಿ ಮೊದಲ ಸಲ, ಇನ್ನೊಂದು ಚಮಚ ಹೆಚ್ಚು ಹಾಕಿದ.